ಐದನೆಯ ಸ್ಕ್ರೂ

ಪ್ರೀತಿಯ ಅಣ್ಣನಿಗೆ,

ನಮ್ಮ ಹಳೆಯ ಕಂಪ್ಯೂಟರಿಗೆ ಜೀವ ಬಂತು! ನಡುವೆ ಅಡಾಪ್ಟರ್ ಸಿಕ್ಕಿಸಿ ಹೊಸ ಟಿವಿಗೆ ಜೋಡಿಸಿದ್ದೇನೆ. ಅಷ್ಟೂ ಕ್ಯಾಸೆಟ್ಟುಗಳ ಆಟಗಳು ಈಗ ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿವೆ.

ಮೊದಲು ಚಿತ್ರವೇ ಮೂಡಲಿಲ್ಲ. ಬಿಚ್ಚಿ ನೋಡಿದೆ. ಅಂದು ನಾನು ಕೀಲಿಗಳ ಮೇಲೆ ಹಾಲು ಚೆಲ್ಲಿದ್ದು ನಿಜ. ಅದರಿಂದಲೇ ಕೆಟ್ಟಿತೆಂದು ಮೂವತ್ತೈದು ವರ್ಷ ಎಲ್ಲರೂ ನನ್ನನ್ನು ಆಡಿಕೊಂಡಿರಿ. ಒಳಗೆ ಒಂದು ಹನಿಯ ಕಲೆಯೂ ಇಲ್ಲ, ಅಣ್ಣಾ! ಯಾರೋ ಒಂದು ಚಿಪ್ ಕಿತ್ತು ಮತ್ತೆ ಕೂರಿಸುವಾಗ ಅದರ ಲೋಹದ ಕಾಲುಗಳಲ್ಲೊಂದು ಕೆಳಗೆ ಮಡಚಿಹೋಗಿದೆ. ಮುಚ್ಚಳದ ಐದು ಸ್ಕ್ರೂಗಳಲ್ಲಿ ಒಂದು ಸೈಕಲ್ ಬೆಲ್ಲಿನದು. ನಿನ್ನ ಬೆಲ್ ಆ ವರ್ಷವೇ ಕಳಚಿಬಿದ್ದಿತ್ತು, ನೆನಪಿದೆಯಾ?

ಕಾಲನ್ನು ನೆಟ್ಟಗೆ ಮಾಡಿ ಕೂರಿಸಿದೆ. ಪರದೆ ಝಗ್ಗೆಂದಿತು. ಅಪ್ಪ ಓಡಿಬಂದು, "ಅಬ್ಬಾ, ಕೆಡಿಸಿದವಳೇ ಸರಿಮಾಡಿಬಿಟ್ಲಲ್ಲ!" ಎಂದರು. ನಾನು ಉಳಿದ ನಾಲ್ಕು ಸ್ಕ್ರೂಗಳನ್ನಷ್ಟೇ ಬಿಗಿದೆ.

ಭಾನುವಾರ ತಪ್ಪದೆ ಬಾ. ಮುಚ್ಚಳಕ್ಕೆ ಸರಿಯಾದ ಸ್ಕ್ರೂ ಒಂದನ್ನು ತಾ. ಬೆಲ್ಲಿನದನ್ನು ಅಪ್ಪನ ಕನ್ನಡಕದ ಪಕ್ಕದಲ್ಲೇ ಇಟ್ಟಿದ್ದೇನೆ. ಅದು ಎಲ್ಲಿಯದೆಂದು ಅವರು ಇನ್ನೂ ಕೇಳಿಲ್ಲ.

ಇನ್ನು ತಲೆ ತಗ್ಗಿಸದ,
ನಿನ್ನ ತಂಗಿ