ನೂರು ಮಿಲಿಗೆ ಎಂಟೂವರೆ ಗ್ರಾಂ

ಫೆಬ್ರವರಿ 3, ಸಂಜೆ

ಗಂಡನ ಶುಗರ್ 271. ನಿನ್ನೆ 258. ಅನ್ನ ತೂಗಿಯೇ ಬಡಿಸುತ್ತೇನೆ. ಮೀನಿಗೆ ಚಿಟಿಕೆ ಸಕ್ಕರೆಯೂ ಇಲ್ಲ. ಫೆರಿ ಕೆಲಸಕ್ಕೆ ಒಯ್ಯುವ ಫ್ಲಾಸ್ಕಿನ ನಿಂಬೆನೀರೂ ಇನ್ಸುಲಿನ್ ಲೆಕ್ಕದಲ್ಲಿದೆ. ರಸದ ಬಾಟಲಿ ನಾನು ಕೆಲಸ ಮಾಡುವ ದ್ವೀಪದ ನಿಂಬೆ ಶೆಡ್ಡಿನದೇ, ಲೇಬಲ್ ಅಂಟಿಸುವವಳು ನಾನೇ — ಶುದ್ಧ ನಿಂಬೆರಸ, ನೂರು ಮಿಲಿಗೆ ಕಾರ್ಬೋಹೈಡ್ರೇಟ್ ಎಂಟೂವರೆ ಗ್ರಾಂ. ಮತ್ತೆ ಎಲ್ಲಿಂದ ಏರುತ್ತಿದೆ?

"ಫೆರಿ ಕಟ್ಟೆ ಅಂಗಡೀಲಿ ಹೂರಣದ ಸಿಹಿ ಬನ್ನು ತಿಂತಿದ್ದೀರಿ ತಾನೆ?"

"ಮುಟ್ಟಿಲ್ಲ ಕಣೆ ಮಿತ್ಸುಯೆ."

"ಹಾಗಾದ್ರೆ ಅದೇ ಹಾರಿ ಬಂದು ಬಾಯಿಗೆ ಬಿತ್ತಾ?"

ನಗುತ್ತಾರೆ ಬೇರೆ. ಮೈಯೆಲ್ಲ ಉರಿಯಿತು.

ಫೆಬ್ರವರಿ 7

ಡಾಕ್ಟರು ಇನ್ಸುಲಿನ್ ಏರಿಸಿದರು. ಏರಿಸುವಾಗ ನನ್ನನ್ನೇ ನೋಡಿದರು, ಅಡುಗೆಯವಳು ನಾನಲ್ಲವೆ. ಮರಳುವಾಗ ಇವರ ಮಾತು: "ಈ ಸಲದ ರಸ ಚೆನ್ನಾಗಿದೆ. ಕಣ್ಣು ಮುಚ್ಚೋವಷ್ಟು ಹುಳಿ ಇಲ್ಲ."

"ನಾಲಗೇನೂ ಕೆಟ್ಟಿದೆ ನಿಮಗೆ" ಎಂದೆ.

ಫೆಬ್ರವರಿ 15

ಕೋಟಿನ ಜೇಬಿನಲ್ಲಿ ಬನ್ನಿನ ಕಾಗದ! ಹಿಡಿದು ತೋರಿಸಿದೆ.

"ಕ್ಯಾಪ್ಟನ್ ತಿಂದಿದ್ದು. ಕಸದಬುಟ್ಟಿ ಎಲ್ಲಿದೆ ಅಲ್ಲಿ? ಮನೇಲಿ ಹಾಕೋಣ ಅಂತ ಜೇಬಿಗಿಟ್ಕೊಂಡೆ."

"ಹೌದೌದು. ಕ್ಯಾಪ್ಟನ್ ತಿಂದ್ರೆ ನಿಮಗೆ ಶುಗರ್!"

ಸುಳ್ಳುಗಾರ ಎಂದೂ ಅಂದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ನಾಳೆ ಫ್ಲಾಸ್ಕೂ ಇಲ್ಲ, ಏನೂ ಇಲ್ಲ. ಬೇಕಾದರೆ ಸಮುದ್ರದ ನೀರು ಕುಡಿಯಲಿ.

ಫೆಬ್ರವರಿ 16, ಮಧ್ಯಾಹ್ನ 3. ಆಸ್ಪತ್ರೆ

ಹಗ್ಗ ಕಟ್ಟುತ್ತಿದ್ದವರು ಡೆಕ್ಕಿನ ಮೇಲೇ ಕುಸಿದರು. ಶುಗರ್ 38ಕ್ಕೆ ಇಳಿದಿತ್ತು. ತಲೆಗೆ ಏಳು ಹೊಲಿಗೆ. ಒಂದಡಿ ಆಚೆ ಬಿದ್ದಿದ್ದರೆ ನೀರಿನ ಪಾಲು.

ಅನ್ನ ಎಂದಿನಷ್ಟೇ ಉಂಡಿದ್ದರು. ಇನ್ಸುಲಿನ್ ಡಾಕ್ಟರು ಹೇಳಿದಷ್ಟೇ. ಇಲ್ಲದ್ದು ನಿಂಬೆನೀರು ಒಂದೇ... ಎಂಟೂವರೆ ಗ್ರಾಂ ತಪ್ಪಿದರೆ ಮನುಷ್ಯ ಹೀಗೆ ಬೀಳುತ್ತಾನಾ?

ಫೆಬ್ರವರಿ 17, ಬೆಳಿಗ್ಗೆ

ಕಿತ್ತಳೆಯ ಸಿಹಿ ನೋಡುವ ಕೊಳವೆ ದ್ವೀಪದ ಮನೆಮನೆಯಲ್ಲೂ ಇದೆ. ಕಿತ್ತಳೆಗೆ ದಿನಕ್ಕೆ ಹತ್ತು ಸಲ ಹಿಡಿಯುತ್ತೇವೆ. ನಿಂಬೆಗೆ ಯಾರೂ ಹಿಡಿಯುವುದಿಲ್ಲ. ನಿಂಬೆಯ ಸಿಹಿ ಅಳೆಯುವ ಹುಚ್ಚು ಯಾರಿಗಿದೆ?

ಇಂದು ನಾನು ಹಿಡಿದೆ. ಗಾಜಿನ ಮೇಲೆ ಎರಡು ಹನಿ, ಕಿಟಕಿಯ ಬೆಳಕು. ಹೋದ ವರ್ಷದ ಬಾಟಲಿಯ ಸಿಹಿ 8. ಈ ವರ್ಷದ್ದು 26. ಒರೆಸಿ ಮತ್ತೆ ನೋಡಿದೆ. 26. ಡಾಕ್ಟರು ಇನ್ಸುಲಿನ್ ಏರಿಸಿದ್ದು ಈ ಸಕ್ಕರೆಗೆ, ನಾನು ಫ್ಲಾಸ್ಕ್ ತಪ್ಪಿಸಿದ್ದೂ ಇದನ್ನೇ.

ಅದೇ ದಿನ, 11 ಗಂಟೆ

ಶೆಡ್ಡಿನ ಯಜಮಾನ ಒಕಿತ್ಸು ಬೆವರಲೂ ಇಲ್ಲ.

"ಪ್ರವಾಸಿಗಳಿಗೆ ಹುಳಿ ಜಾಸ್ತಿ ಆಗುತ್ತಂತೆ, ಪಾಕ ಸೇರಿಸ್ದೆ. ಹಳೇ ಲೇಬಲ್ ಮೂರು ಸಾವಿರ ಉಳಿದಿತ್ತಮ್ಮ. ಒಳ್ಳೇ ಕಾಗದ. ಎಸೆಯೋಕೆ ಮನಸ್ಸು ಬರುತ್ತಾ? ಹೊಸದು ಬರೋವರೆಗೆ ಬಾಯಿ ಬಿಡ್ಬೇಡ."

"ಕಾಗದ ಹಾಳಾಗ್ಬಾರ್ದು, ಮನುಷ್ಯ ಹಾಳಾದ್ರೆ ಪರವಾಗಿಲ್ವಾ?"

ಎಲ್ಲರ ಮುಂದೆ ಕೂಗಿದೆ. ಸಿಟ್ಟು ಅವನೊಬ್ಬನ ಮೇಲಲ್ಲ. ಒಂದೊಂದು ಬಾಟಲಿಗೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದವಳು ನಾನು. ಗಂಡನ ಮಾತಿಗಿಂತ ಆ ಲೇಬಲ್ಲನ್ನೇ ನಂಬಿದವಳೂ ನಾನು.

ಫೆಬ್ರವರಿ 20, ಸಂಜೆ 5

ಮನೆಗೆ ಬಂದರು. ತಲೆಗೆ ಪಟ್ಟಿ. ಎಲ್ಲ ಹೇಳಿದೆ.

"ನಾಲ್ಕು ಸಲ ಹೇಳಿದ್ದೆ ನಿನಗೆ, ಮುಟ್ಟಿಲ್ಲ ಅಂತ."

ಬಯ್ದಿದ್ದರೆ ಚೆನ್ನಾಗಿತ್ತು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಕೈ ಅಡ್ಡ ಹಿಡಿದರು.

"ನನಗೆ ತಪ್ಪಾಯ್ತು ಅನ್ನೋದು ಆಮೇಲೆ. ಇದನ್ನ ಕುಡೀತಾ ಇರೋರು ಎಷ್ಟು ಜನ?"

ಬಾಟಲಿ ಪಾರ್ಸೆಲ್ ಹೋದ ಮನೆಗಳ ಪಟ್ಟಿಯನ್ನು ಶೆಡ್ಡಿನಿಂದ ತಂದೇ ಬಿಟ್ಟಿದ್ದೆ. ನಾನೂರ ಹನ್ನೆರಡು ಮನೆ. ಗೊತ್ತಾದರೆ ಒಕಿತ್ಸು ನಾಳೆಯೇ ಕೆಲಸದಿಂದ ತೆಗೆಯುತ್ತಾನೆ. ತೆಗೆಯಲಿ. ಇವರು ಪಟ್ಟಿಯಿಂದ ಫೋನ್ ನಂಬರ್ ಓದುತ್ತಾರೆ, ನಾನು ಒತ್ತುತ್ತೇನೆ.

ಮೊದಲನೆಯದು ಒಸಾಕಾ. ಯಾರೋ ಅಜ್ಜಿ ಎತ್ತಿದರು. ದ್ವೀಪದ ನಿಂಬೆ ಶೆಡ್ಡಿನವಳು ಎಂದೆನಷ್ಟೆ... "ಅಯ್ಯೋ, ನೀವೇನಮ್ಮ? ನಮ್ಮನೆಯವ್ರಿಗೆ ಸಕ್ಕರೆ ಕಾಯಿಲೆ, ದಿನಾ ನಿಮ್ಮ ರಸಾನೇ ಕುಡಿಯೋದು..."