ನನ್ನ ಪಾಲಿನ ಕ್ಷಮೆ

ಅವ್ವಾ,

ನಿನ್ನ ಜಗಳಗಂಟಿ ಮಗಳು ಎಸ್ತೇರಿ ಬರೆಯುತ್ತಿದ್ದೇನೆ. ನೀನು ಹೋಗಿ ವರ್ಷವಾಯಿತು. ಮೆತ್ತಗಾಗಿದ್ದೇನೆ ಅಂದುಕೊಳ್ಳಬೇಡ.

ಆ ಶನಿವಾರ ನೆನಪಿದೆಯೇ? ಮರುದಿನ ಚರ್ಚಿನಲ್ಲಿ ಪ್ರಭುಭೋಜನ. ತಿಂಗಳಿಗೊಮ್ಮೆ ಆ ರೊಟ್ಟಿ, ದ್ರಾಕ್ಷಾರಸ ಮುಟ್ಟುವ ಮುಂಚೆ ಮುನಿಸಿಕೊಂಡವರ ಮನೆಗೆ ಹೋಗಿ ರಾಜಿಯಾಗಿ ಬರುವುದು ನಿಮ್ಮ ಕಾಲದವರ ಪದ್ಧತಿ. ಆ ಸಲ ನಿನ್ನ ತಮ್ಮ ಯೋಹಾನ ಮಾವನೇ ನಮ್ಮ ಇಳಕಲ್ಲಿನ ಮನೆಗೆ ಬಂದ. ನಾನು ಮಗ್ಗದ ಮುಂದೆ ಕೂತು, ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕುತ್ತಿದ್ದೆ. ನೀನು ಅವನಿಗೆ ಚಹಾ ಕೊಟ್ಟೆ, ಕಣ್ಣೊರೆಸಿಕೊಂಡೆ, "ಆತು ಬಿಡೋ ತಮ್ಮಾ, ನಾನೂ ಮಾಫ್ ಮಾಡೇನಿ, ಎಸ್ತೇರೀನೂ ಮಾಡ್ಯಾಳ" ಅಂದುಬಿಟ್ಟೆ. ನನ್ನನ್ನು ಒಂದು ಮಾತು ಕೇಳಿದೆಯಾ? ಮನೆಮಂದಿಗೆಲ್ಲ ಸೇರಿಸಿ ರೊಟ್ಟಿ ಬಡಿದಿಟ್ಟ ಹಾಗೆ ಕ್ಷಮೆಯನ್ನೂ ನೀನೊಬ್ಬಳೇ ಬಡಿದಿಟ್ಟೆ.

ಅವನು ಮಾಡಿದ್ದೇನು ಸಣ್ಣದೇ? ತನ್ನ ಮಗನಿಗೆ ನನ್ನನ್ನು ಕೊಡಲಿಲ್ಲವೆಂಬ ಸಿಟ್ಟಿಗೆ, ಹುನಗುಂದದಲ್ಲಿ ನನ್ನನ್ನು ಒಪ್ಪಿದ್ದವರ ಮನೆಗೆ ಹೋಗಿ "ಹುಡಿಗಿಗೆ ಮೂರ್ಛೆ ರೋಗ ಐತಿ" ಎಂದು ಹೇಳಿ ಬಂದಿದ್ದ. ರೋಗವಿದ್ದಿದ್ದರೆ ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. ಆದರೆ ಅದು ಸುಳ್ಳು. ಆ ಮದುವೆ ಮುರಿಯಿತು. ಆಮೇಲೆ ನೋಡಲು ಬಂದವರಿಗೆ ನಾನು ನೀರು ತಂದರೆ ಅವರು ಲೋಟ ನೋಡುತ್ತಿರಲಿಲ್ಲ, ನನ್ನ ಕೈ ನಡುಗುತ್ತದೆಯೇ ಎಂದು ನೋಡುತ್ತಿದ್ದರು.

ಏಳು ವರ್ಷ ನಾನು ಆ ಪವಿತ್ರ ಮೇಜಿನ ಹತ್ತಿರ ಹೋಗಲಿಲ್ಲ. ನೀನು ತಲೆಯ ಮೇಲೆ ಸೆರಗು ಹೊದ್ದು ಹೋಗಿ ಮೊಣಕಾಲೂರುತ್ತಿದ್ದೆ, ನಾನು ಬೆಂಚಿನಲ್ಲೇ ಕೂತಿರುತ್ತಿದ್ದೆ. ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ಬಾಯಿ ಮುಚ್ಚುತ್ತಿದ್ದೆ. ನೀನು ಮೊಣಕೈಯಿಂದ ತಿವಿಯುತ್ತಿದ್ದೆ. "ದೇವ್ರ ಮುಂದನೂ ಹಟ ಮಾಡ್ತೀಯೇನ?" ಅಂದೆ ಒಮ್ಮೆ. ಹೌದು, ಹಟವೇ. ದೇವರೆದುರು ಸುಳ್ಳು ಒಪ್ಪಿಸುವುದಕ್ಕಿಂತ ಸುಮ್ಮನಿರುವುದು ಮೇಲು ಎಂದು ನನಗೆ ಈಗಲೂ ಅನ್ನಿಸುತ್ತದೆ. ಕೊಂಡಿ ಹಾಕುವಾಗ ನೀನೇ ಹೇಳುತ್ತಿದ್ದೆಯಲ್ಲ, ಎರಡೂ ಕಡೆಯ ಎಳೆ ಬಂದು ಕೂಡಬೇಕು ಎಂದು? ಕ್ಷಮೆಗೆ ಮಾತ್ರ ಒಂದೇ ಕಡೆಯ ಎಳೆ ಸಾಕೇ?

ದವಾಖಾನೆಯಲ್ಲಿ ಕೊನೆಯ ದಿನ ನೀನು ನನ್ನ ಕೈ ಹಿಡಿದು "ಎಸ್ತೇರಿ, ಮಾವನ್ನ..." ಅಂದೆ. ಮುಗಿಸಲಿಲ್ಲ. ನಾನು ನಿನ್ನ ಹೊದಿಕೆ ಸರಿಮಾಡಿದೆ.

ಹೋದ ಶನಿವಾರ ಮಾವ ಮತ್ತೆ ಬಂದ. ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಚಹಾ ಕೊಡಲಿಲ್ಲ.

"ನಿಮ್ಮವ್ವ ಅವಾಗನ ಮಾಫ್ ಮಾಡಿದ್ಲಲ್ಲ, ನಿಂದಿನ್ನೂ ಯಾಕ ಸಿಟ್ಟು?" ಅಂದ.

"ಅದು ಆಕಿ ಪಾಲಿಂದು ಮಾವ. ನಂದು ನನ್ನ ಕಡೇನ ಐತಿ. ಮೊದಲ ಹುನಗುಂದಕ್ಕ ನಡೀರಿ."

ಇಬ್ಬರೂ ಬಸ್ಸು ಹತ್ತಿ ಹೋದೆವು. ಆ ಮನೆಯ ಅಂಗಳದಲ್ಲಿ ಹುಡುಗನ ತಾಯಿ ಜೋಳ ಹಸನು ಮಾಡುತ್ತಿದ್ದರು. ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಈ ಹುಡಿಗಿಗೆ ಯಾವ ರೋಗಾನೂ ಇರಲಿಲ್ರೀ ಅಕ್ಕಾರ. ನಾನ ಸುಳ್ಳು ಹೇಳಿದ್ದೆ" ಅಂದ.

"ಈಗ ಹೇಳಿ ಏನ್ ಮಾಡೂದ್ರಿ? ಮಗಗ ಎರಡು ಮಕ್ಕಳಾಗ್ಯಾವ" ಎಂದರು ಆಕೆ.

"ಏನೂ ಮಾಡಬ್ಯಾಡ್ರಿ. ನೀವು ಕೇಳಿಸ್ಕೊಂಡ್ರಲ್ಲ, ಅಷ್ಟ ಬೇಕಾಗಿತ್ತು" ಅಂದೆ ನಾನು.

ಹೊರಗೆ ಬಂದ ಮೇಲೆ ಮಾವ ಮೊದಲ ಸಲ ನನ್ನನ್ನೇ ಕೇಳಿದ: "ಎಸ್ತೇರಿ, ನನ್ನ ಮಾಫ್ ಮಾಡ್ತೀಯೇನವಾ?" ಟೋಪಿಯನ್ನು ಅವನು ಇನ್ನೂ ತಲೆಗೆ ಇಟ್ಟುಕೊಂಡಿರಲಿಲ್ಲ. ಮಾಡಿದೆ ಅವ್ವಾ. ಸಂತೋಷದಿಂದಲೇ ಮಾಡಿದೆ.

ಭಾನುವಾರ ಆ ಸಾಲನ್ನು ಗಟ್ಟಿಯಾಗಿ ಹೇಳಿದೆ. ಮುಂದಿನ ಬೆಂಚಿನವರು ತಿರುಗಿ ನೋಡಿದರು, ನೋಡಲಿ. ಆದರೆ ಮೇಜಿನ ಮುಂದೆ ಮೊಣಕಾಲೂರಿದಾಗ ಒಂದು ಗೊತ್ತಾಯಿತು: ಮಾವನ ಮೇಲಿನ ಸಿಟ್ಟಿಗಿಂತ ನಿನ್ನ ಮೇಲಿನ ಸಿಟ್ಟೇ ದೊಡ್ಡದಿತ್ತು. ನನ್ನ ಪಾಲನ್ನು ನನ್ನ ಕೇಳದೆ ಎತ್ತಿ ಕೊಟ್ಟವಳು ನೀನು. ಮಾವನನ್ನು ಹುನಗುಂದಕ್ಕೆ ಕರೆದೊಯ್ದೆ, ನಿನ್ನನ್ನು ಎಲ್ಲಿಗೆ ಕರೆದೊಯ್ಯಲಿ? ನೀನಿನ್ನು ಬಂದು ಕೇಳುವವಳಲ್ಲ. ಅದಕ್ಕೇ ನಾನೂ ನಿನ್ನ ಪದ್ಧತಿಯಲ್ಲೇ, ನೀನು ಕೇಳುವ ಮೊದಲೇ ಕ್ಷಮೆ ಕೊಟ್ಟುಬಿಟ್ಟೆ.

ನಿನ್ನನ್ನೂ ಕ್ಷಮಿಸಿದ್ದೇನೆ ಅವ್ವಾ. ಈ ಮಾತನ್ನು ನನ್ನ ಪರವಾಗಿ ಬೇರೆ ಯಾರೂ ಹೇಳಿಲ್ಲ.

ನಿನ್ನ ಎಸ್ತೇರಿ