ನಾಲ್ಕು ತೂತಿನ ಗುಂಡಿ

ಮಾರ್ಚ್ 3
ಆರು ಯೂನಿಫಾರ್ಮ್ ಮುಗಿಸಿದೆ. ಗುಂಡಿ ಬಾಕಿ. ಸರ್ಕಾರಿ ವಕೀಲರು ಅಂಗಡಿಗೇ ಬಂದರು. ಒಂದು ಫೋಟೊ ಕೊಟ್ಟರು — ತಂಗಿಯ ಹೆಣದ ಮುಷ್ಟಿಯಲ್ಲಿ ಸಿಕ್ಕ ಗುಂಡಿ. ಅವಳ ಗಂಡನ ಅಂಗಿಯಲ್ಲಿ ಒಂದು ಗುಂಡಿ ಇಲ್ಲ. ಆ ಅಂಗಿ ಹೊಲಿದುಕೊಟ್ಟವಳು ನಾನೇ.

"ಇದು ಅದೇ ಅಂಗೀದು ಅಂತ ಒಂದ್ಮಾತು ಹೇಳಿ, ಸಾಕು."

ನೂರು ಸಲ ಹೇಳುತ್ತೇನೆ. ಹಾಳಾದವನು ಜೈಲಿನಲ್ಲೇ ಕೊಳೆಯಬೇಕು.

ಮಾರ್ಚ್ 4
ಫೋಟೊ ಮತ್ತೆ ನೋಡಿದೆ. ಗುಂಡಿಯಲ್ಲಿ ಉಳಿದ ದಾರ — ಎರಡು ನೇರ ಗೆರೆ. ನಾನು ಹಾಕುವುದು ಕ್ರಾಸ್, ನಾಲ್ಕು ತೂತಿಗೂ ಗುಣಾಕಾರ ಚಿಹ್ನೆಯ ಹಾಗೆ. ಇಪ್ಪತ್ತು ವರ್ಷದಿಂದ ಕ್ರಾಸೇ.

ಕಿತ್ತುಹೋದ ಗುಂಡಿಯನ್ನು ತಂಗಿ ಮತ್ತೆ ಹಾಕಿರಬೇಕು. ಸೋಮಾರಿ ಅವಳು. ಹೌದು... ಅವಳೇ.

ಮಾರ್ಚ್ 11
ಕೋರ್ಟು. ಅವನ ವಕೀಲ ಬೆಣ್ಣೆಯಂಥ ಮಾತಿನವನು.

"ಅಂಗಿಯ ಉಳಿದ ಗುಂಡಿ ಎಲ್ಲಾ ಕ್ರಾಸ್. ಇದು ನೇರ. ಹೇಗಮ್ಮಾ?"

"ತಂಗಿ ಹಾಕಿದ್ದು. ಅವಳು ಯಾವಾಗ್ಲೂ ನೇರವೇ ಹಾಕೋದು."

"ಸ್ವಲ್ಪ ಅನುಮಾನ ಇದ್ರೂ ಹೇಳ್ಬಿಡಿ. ಅದರ ಲಾಭ ಆರೋಪಿಗೆ ಸಿಗ್ಬೇಕು."

ಲಾಭವಂತೆ ಲಾಭ! ನನ್ನ ತಂಗಿಗೇನು ಸಿಕ್ಕಿತು? ಅವಳ ಕೆನ್ನೆಯ ಮೇಲೆ ಅವನ ಐದು ಬೆರಳೂ ಮೂಡಿದ್ದನ್ನು ಕಣ್ಣಾರೆ ಕಂಡವಳು ನಾನು.

"ಎಳ್ಳಷ್ಟೂ ಇಲ್ಲ" ಎಂದೆ.

"ಅತ್ತಿಗೆ, ನಿಮ್ಮ ದಮ್ಮಯ್ಯ, ನಾನು ಕೊಂದಿಲ್ಲ..." ಎಂದು ಕಟಕಟೆಯಿಂದ ಗೋಗರೆದ. ಹೊಟ್ಟೆ ತಣ್ಣಗಾಯಿತು.

ಆಮೇಲೆ ಜಡ್ಜು — ತಂಗಿ ಗುಂಡಿ ಹಾಕಿದ ಬಟ್ಟೆ ಮನೆಯಲ್ಲಿದ್ದರೆ ನಾಳೆ ತನ್ನಿ ಅಂದರು.

ಅದೇ ದಿನ, ಸಂಜೆ 5
ತಂಗಿಯ ಮಗಳ ಫ್ರಾಕು ಸಿಕ್ಕಿತು. ತಂಗಿ ಹೊಲಿದದ್ದು. ನಾಲ್ಕು ಗುಂಡಿ. ನಾಲ್ಕೂ ಕ್ರಾಸ್.

ಅಯ್ಯೋ, ಮರೆತೇಬಿಟ್ಟಿದ್ದೆ. ನೇರ ಹಾಕಿದರೆ ಸ್ಕೇಲಿನಲ್ಲಿ ಬಾರಿಸಿ ಅವಳಿಗೆ ಕಲಿಸಿದವಳು ನಾನೇ.

ಹಾಗಾದರೆ ಆ ಗುಂಡಿ ನನ್ನದಲ್ಲ, ಅವಳದೂ ಅಲ್ಲ. ಇವನ ಅಂಗಿಯದೇ ಅಲ್ಲವೇನೋ. ಬೇರೆ ಯಾರೋ...

ಇರಲಿ. ಅವಳನ್ನು ಹೊಡೆದವನು ಇವನೇ ತಾನೇ? ಬಿಡುವುದಿಲ್ಲ.

ಗುಂಡಿ ಬಿಚ್ಚುತ್ತಿದ್ದೇನೆ. ಮೂರನ್ನು ನೇರ ಹಾಕಿದ್ದಾಯಿತು. ಮಗು ಓಡಿ ಬಂತು.

"ಬಿಚ್ಚಬೇಡ ದೊಡ್ಡಮ್ಮಾ! ಅದು ಅಮ್ಮ ಹಾಕಿದ್ದು!"

ಬೈದೆ. ಕೈ ಎತ್ತಿದೆ. ಜಗ್ಗಲಿಲ್ಲ. ಕೊನೆಯ ಗುಂಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಾಳೆ. ಥೇಟ್ ಅವಳಮ್ಮ ಅವತ್ತು—